ಯಾತ್ರಿಕರ ಬೀದಿಯ ಒತ್ತುವರಿದಾರರು

ಹಂಪಿಯ ವಿರೂಪಾಕ್ಷ ದೇವಾಲಯದ ಮುಂದಿನ ಬೀದಿಯನ್ನು 1520ರ ಸುಮಾರಿಗೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಅಲ್ಲಿನ ಚೆಂದದ ಮನೆಗಳಲ್ಲಿ ಯಾತ್ರಿಕರು ತಂಗುತ್ತಿದ್ದರೆಂದು ಬರೆದಿದ್ದಾನೆ. ಬಂದವರಿಗೆ ನೆರಳು ಕೊಡುವುದೇ ಆ ಬೀದಿಯ ಕಸುಬು. ಇಪ್ಪತ್ತನೆಯ ಶತಮಾನದಲ್ಲಿ ಅದೇ ಮಂಟಪಗಳಲ್ಲಿ ನೆಲೆಸಿದವರು ಮಾಡಿದ್ದೂ ಅದನ್ನೇ: ಊಟ, ಬಾಡಿಗೆ ಕೋಣೆ, ಬಾಡಿಗೆ ಸೈಕಲ್ಲು. ಕಂಬಗಳ ನಡುವೆ ಸಿಮೆಂಟಿನ ಗೋಡೆಯೂ ಎದ್ದಿತು. ಅದು ಹಾನಿಯೇ, ಅಲ್ಲವೆನ್ನಲಾಗದು.

1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. 2002ರ ಕಾಯ್ದೆಯಿಂದ ನಿರ್ವಹಣಾ ಪ್ರಾಧಿಕಾರ ಬಂತು. ಪ್ರವಾಸಿಗರ ಸಂಖ್ಯೆಯೂ ಏರಿತು. ಆದರೆ ಸ್ಮಾರಕದೊಳಗೆ ವಾಸಿಸುವವರು ಕಾಗದದ ಮೇಲೆ ಒತ್ತುವರಿದಾರರು. ಒತ್ತುವರಿದಾರರನ್ನು ಕೂರಿಸಿಕೊಂಡು ಪ್ರವಾಸೋದ್ಯಮದ ಯೋಜನೆ ಹಾಕುವವರುಂಟೆ? 2011ರ ಜುಲೈನಲ್ಲಿ ಬುಲ್‌ಡೋಜರ್ ಬಂತು. 300ಕ್ಕೂ ಹೆಚ್ಚು ಕುಟುಂಬಗಳು ಎದ್ದವು. ಅವರಿಗೆ ಬದಲಿ ಜಾಗ ಗುರುತಿಸಿದ್ದು ಕಡ್ಡಿರಾಂಪುರದಲ್ಲಿ, ಪ್ರವಾಸಿಗರು ಬಸ್ಸಿಳಿಯುವ ಕಡೆಯಿಂದ ಕಿಲೋಮೀಟರುಗಟ್ಟಲೆ ಆಚೆ.