ಕೋನಿ ಐಲೆಂಡ್ ಎಂಬ ತಿನಿಸು

ಚರಿತ್ರೆಯೆಂದರೆ ಅರಸರ ವಂಶಾವಳಿ, ಯುದ್ಧಗಳ ತಾರೀಖು ಎಂದೇ ಶಾಲೆಯ ಹುಡುಗರು ತಿಳಿಯುತ್ತಾರೆ. ಪಠ್ಯಪುಸ್ತಕಗಳು ಇರುವುದೂ ಹಾಗೆಯೇ. ಆದರೆ ಶಾಸನ ಬರೆಯಿಸಿ ನಿಲ್ಲಿಸಲಾರದ ಬಡಜನಕ್ಕೂ ಒಂದು ಚರಿತ್ರೆಯುಂಟು. ಅದು ಅವರ ಅಂಗಡಿಯ ಹೆಸರುಹಲಗೆಯಲ್ಲೋ ಒಲೆಯ ಮೇಲಿನ ಪಾತ್ರೆಯಲ್ಲೋ ಉಳಿದಿರುತ್ತದೆ. ಅಮೆರಿಕದ ಮಿಶಿಗನ್ ಸಂಸ್ಥಾನದಲ್ಲಿ ನೂರು ವರ್ಷಕ್ಕೂ ಮೀರಿ ಬಾಳಿಕೊಂಡು ಬಂದಿರುವ ಒಂದು ಅಗ್ಗದ ತಿನಿಸಿನ ವೃತ್ತಾಂತ ಇಂಥದು.

ಆ ತಿನಿಸು ‘ಹಾಟ್ ಡಾಗ್’ ಎಂಬ ಜಾತಿಗೆ ಸೇರಿದ್ದು. ಪದಶಃ ಅರ್ಥಮಾಡಿದರೆ ‘ಬಿಸಿ ನಾಯಿ’ ಎಂದಾಗುತ್ತದೆ! ಓದುಗರು ಗಾಬರಿಪಡಬೇಕಾಗಿಲ್ಲ, ಅದರಲ್ಲಿ ನಾಯಿಯ ಸುಳಿವೂ ಇಲ್ಲ. ಮಸಾಲೆ ಬೆರೆಸಿದ ಮಾಂಸವನ್ನು ತೆಳುಪೊರೆಯಲ್ಲಿ ತುಂಬಿ ಬೇಯಿಸಿದ ಸಾಸೇಜನ್ನು ಉದ್ದನೆಯ ಬನ್ನಿನ ಸೀಳಿನಲ್ಲಿಟ್ಟು ಕೊಡುವುದೇ ಹಾಟ್ ಡಾಗ್. ಸಾಸೇಜಿನ ಕಲೆ ಜರ್ಮನಿಯಿಂದ ವಲಸೆ ಬಂದವರದು. ಅಮೆರಿಕದಲ್ಲಿ ಅದು ನಾಡಿಗೊಂದು ರೂಪ ತಾಳಿತು. ಷಿಕಾಗೋದವರು ಟೊಮೇಟೊ, ಉಪ್ಪಿನಲ್ಲಿಟ್ಟ ಸೌತೆ, ಮೆಣಸಿನಕಾಯಿ ಸೇರಿಸುತ್ತಾರೆ; ವೆಸ್ಟ್ ವರ್ಜೀನಿಯದವರು ಹೆಚ್ಚಿದ ಎಲೆಕೋಸನ್ನು ಹರಡುತ್ತಾರೆ. ಮಿಶಿಗನ್ನಿನವರು ಮಾಂಸದ ಖಾರಗೊಜ್ಜು, ಹಳದಿ ಸಾಸಿವೆಯ ಮುದ್ದೆ, ಹೆಚ್ಚಿದ ಹಸಿ ಈರುಳ್ಳಿ ಇಷ್ಟನ್ನು ಹಾಕಿ ಅದನ್ನು ‘ಕೋನಿ ಐಲೆಂಡ್’, ಚುಟುಕಾಗಿ ‘ಕೋನಿ’, ಎಂದು ಕರೆಯುತ್ತಾರೆ.

ವಿಚಿತ್ರವೆಂದರೆ, ಕೋನಿ ಐಲೆಂಡ್ ಇರುವುದು ಮಿಶಿಗನ್ನಿನಲ್ಲಲ್ಲ. ಅದು ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಕಡಲತೀರ, ವಿಹಾರಸ್ಥಳ. ಅಲ್ಲಿ 1867ರ ಸುಮಾರಿಗೆ ಚಾರ್ಲ್ಸ್ ಫೆಲ್ಟ್‌ಮನ್ ಎಂಬ ಜರ್ಮನ್ ವಲಸಿಗ ತಳ್ಳುಗಾಡಿಯಲ್ಲಿ ಬನ್ನು-ಸಾಸೇಜು ಮಾರಲಾರಂಭಿಸಿದನೆಂದು ಪ್ರತೀತಿ. 1916ರಲ್ಲಿ ನೇಥನ್ ಹ್ಯಾಂಡ್‌ವರ್ಕರ್ ಅದನ್ನೇ ಅರ್ಧ ಬೆಲೆಗೆ, ಐದು ಸೆಂಟಿಗೆ ಮಾರಿ ಹೆಸರಾದನು. ನೂರಾರು ಮೈಲಿ ಆಚೆಯ ಮಿಶಿಗನ್ನಿಗೆ ಈ ಹೆಸರನ್ನು ಹೊತ್ತು ತಂದವರು ಗ್ರೀಕರು ಮತ್ತು ಮ್ಯಾಸಿಡೋನಿಯದವರು. ಅವರಲ್ಲಿ ಬಹುಮಂದಿ ಹಡಗಿನಿಂದ ಇಳಿದದ್ದು ನ್ಯೂಯಾರ್ಕಿನಲ್ಲೇ. ಹೊಸ ನಾಡಿನಲ್ಲಿ ಅವರ ಕಿವಿಗೆ ಬಿದ್ದ ಮೊದಲ ಹೆಸರುವಾಸಿ ತಿನಿಸು ಅದಾಗಿದ್ದರೆ ಆಶ್ಚರ್ಯವಿಲ್ಲ. ಗಿರಾಕಿಗೆ ಗುರುತಿರುವ ಹೆಸರನ್ನು ಹಲಗೆಗೆ ಬರೆಯಿಸುವುದು ವ್ಯಾಪಾರದ ಜಾಣತನ. ಮುಂಬಯಿಯಲ್ಲೋ ಮದರಾಸಿನಲ್ಲೋ ಕುಳಿತು ‘ಉಡುಪಿ’ಯ ಹೆಸರಿನಲ್ಲಿ ಇಡ್ಲಿ ತಿಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವರು ಮಿಶಿಗನ್ನಿಗೆ ಬಂದದ್ದೇಕೆ? ತಾಯ್ನಾಡಿನಲ್ಲಿ ಬಡತನ, 1912-13ರ ಬಾಲ್ಕನ್ ಯುದ್ಧಗಳಂತೂ ಮ್ಯಾಸಿಡೋನಿಯದ ಹಳ್ಳಿಗಳನ್ನು ನುಚ್ಚುನೂರು ಮಾಡಿದವು. ಇತ್ತ ಮಿಶಿಗನ್ನಿನಲ್ಲಿ ಮೋಟಾರು ಉದ್ಯಮ ಕಣ್ಣು ತೆರೆಯುತ್ತಿತ್ತು. 1908ರಲ್ಲಿ ಫ್ಲಿಂಟ್ ಪಟ್ಟಣದಲ್ಲಿ ಜನರಲ್ ಮೋಟಾರ್ಸ್ ಸ್ಥಾಪನೆಯಾಯಿತು. 1914ರ ಜನವರಿಯಲ್ಲಿ ಹೆನ್ರಿ ಫೋರ್ಡ್ ದಿನಕ್ಕೆ ಐದು ಡಾಲರ್ ಗಳಿಕೆಯನ್ನೂ ಎಂಟು ಗಂಟೆಯ ದುಡಿಮೆಯನ್ನೂ ಘೋಷಿಸಿದನು. ಸಾವಿರಗಟ್ಟಲೆ ಕೂಲಿಕಾರರು ಹಗಲೂ ಇರುಳೂ ಪಾಳಿಯಲ್ಲಿ ದುಡಿಯುವ ಊರಿನಲ್ಲಿ ಬೇಗ ಸಿಗುವ, ಕಡಿಮೆ ಕಾಸಿಗೆ ಹೊಟ್ಟೆ ತುಂಬಿಸುವ ತಿನಿಸು ಬೇಕಲ್ಲವೆ? ಆ ಹಸಿವನ್ನು ಕಂಡವರು ಈ ವಲಸೆಗಾರರು.

1914ರಲ್ಲಿ ಜ್ಯಾಕ್ಸನ್ ಪಟ್ಟಣದಲ್ಲಿ ಜಾರ್ಜ್ ಟೋಡೊರಾಫ್ ಅಂಗಡಿ ಇಟ್ಟನು. 1917ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಗಸ್ಟ್ ಕೆರೋಸ್ ಎಂಬ ಗ್ರೀಕನು ‘ಅಮೆರಿಕನ್ ಕೋನಿ ಐಲೆಂಡ್’ ತೆರೆದನು. ಫ್ಲಿಂಟಿನಲ್ಲಿ ಸೈಮನ್ ಬ್ರಾಯನ್ ಎಂಬ ಮ್ಯಾಸಿಡೋನಿಯದವನು ಆ ಊರಿನ ಮೊದಲ ಕೋನಿ ಅಂಗಡಿಯನ್ನು ಆರಂಭಿಸಿದನು. ಡೆಟ್ರಾಯಿಟಿನಲ್ಲಿ ಗಸ್ಟನ ತಮ್ಮ ಬಿಲ್ ಕೆರೋಸನದು ಪಕ್ಕದಲ್ಲೇ ‘ಲಫಾಯೆಟ್’ ಅಂಗಡಿ. ಅಣ್ಣತಮ್ಮಂದಿರು ಜಗಳವಾಡಿ ಗೋಡೆ ಹಾಕಿಕೊಂಡರೆಂಬುದು ಊರಿನ ಕಥೆ. ಅಂದಿನಿಂದ ಆ ನಗರದಲ್ಲಿ ‘ನೀವು ಯಾವ ಅಂಗಡಿಯ ಕಡೆ?’ ಎಂಬ ವಾಗ್ವಾದ ನಿಂತಿಲ್ಲ. ಬಡಿಸುವವರು ಐದಾರು ಕೋನಿಗಳನ್ನು ಒಂದೇ ತೋಳಿನ ಮೇಲೆ ಸಾಲಾಗಿ ಜೋಡಿಸಿಕೊಂಡು ಬರುವ ಕೈಚಳಕವೂ ಅಲ್ಲಿ ಪ್ರಸಿದ್ಧ.

ಹೆಸರು ಒಂದೇ ಆದರೂ ರುಚಿ ಒಂದಲ್ಲ. ಡೆಟ್ರಾಯಿಟಿನ ಗೊಜ್ಜು ತೆಳು, ಹರಿಯುವಂಥದು. ಕಾಳು ಹಾಕದೆ ಮಾಡಿದ್ದು. ಫ್ಲಿಂಟಿನದು ಒಣಗೊಜ್ಜು, ಬಹುಮಟ್ಟಿಗೆ ದನದ ಹೃದಯವನ್ನು ನುಣ್ಣಗೆ ಕೊಚ್ಚಿ ಮಾಡಿದ ಉದುರು ಪಲ್ಯದಂತೆ ಇರುತ್ತದೆ. ಅದಕ್ಕೆ ಜೊತೆ 1916ರಿಂದ ಆ ಊರಿನಲ್ಲೇ ಸಾಸೇಜು ಮಾಡುತ್ತಿರುವ ಕೋಗಲ್ ಸಂಸ್ಥೆಯದು. ಈ ಗೊಜ್ಜಿನ ಮೂಲ ಗ್ರೀಕರ ‘ಸಾಲ್ಸಾ ಕಿಮಾ’ ಎಂದು ಕೆಲವರ ಊಹೆ. ಇಲ್ಲಿ ಭಾಷೆಯನ್ನು ಬಲ್ಲವರಿಗೆ ಒಂದು ಸೊಗಸು ಕಾದಿದೆ. ಗ್ರೀಕರ ‘ಕಿಮಾ’ ತುರ್ಕಿಯ ‘ಕಿಯ್ಮಾ’ದಿಂದ ಬಂದದ್ದು, ಕೊಚ್ಚಿದ ಮಾಂಸ ಎಂದು ಅರ್ಥ. ಅದೇ ಪದ ಇನ್ನೊಂದು ದಾರಿ ಹಿಡಿದು, ಉರ್ದುವಿನ ಮೂಲಕ ನಮ್ಮ ಕನ್ನಡದ ‘ಖೀಮಾ’ ಆಗಿದೆ. ಒಂದೇ ತಾಯಿಯ ಮಕ್ಕಳು. ಒಬ್ಬನು ಡೆಟ್ರಾಯಿಟಿಗೆ ಹೋದ, ಒಬ್ಬನು ಬೆಂಗಳೂರಿಗೆ ಬಂದ!

ಇಷ್ಟಿದ್ದರೂ ಬಹುಕಾಲ ಇದನ್ನು ಚರಿತ್ರೆಯೆಂದು ಯಾರೂ ಬಗೆಯಲಿಲ್ಲ. ಹಿತ್ತಲ ಗಿಡ ಮದ್ದಲ್ಲವಷ್ಟೆ. ಕೂಲಿಕಾರರು ತಿನ್ನುವ ಅಗ್ಗದ ತಿಂಡಿಯ ಬಗ್ಗೆ ಬರೆಯಲು ಏನಿದೆ ಎಂಬ ಭಾವನೆ. ಅಂಗಡಿಯವರಾದರೋ ಗೊಜ್ಜಿನ ಗುಟ್ಟನ್ನು ಮನೆಮಂದಿಗಷ್ಟೇ ಹೇಳುವವರು. ಲೆಕ್ಕಪತ್ರ ಇಟ್ಟವರೂ ಕಡಿಮೆ. ಅಷ್ಟರಲ್ಲಿ ಕಾರ್ಖಾನೆಗಳು ಮುಚ್ಚತೊಡಗಿದವು. 1950ರಲ್ಲಿ ಹದಿನೆಂಟೂವರೆ ಲಕ್ಷವಿದ್ದ ಡೆಟ್ರಾಯಿಟಿನ ಜನಸಂಖ್ಯೆ 2020ರ ವೇಳೆಗೆ ಆರು ಲಕ್ಷ ನಲವತ್ತು ಸಾವಿರದೊಳಕ್ಕೆ ಇಳಿಯಿತು. ಫ್ಲಿಂಟಿನದು 1960ರಲ್ಲಿ ಸುಮಾರು ಎರಡು ಲಕ್ಷ. 2020ರಲ್ಲಿ ಎಂಬತ್ತೊಂದು ಸಾವಿರ. 2013ರಲ್ಲಿ ಡೆಟ್ರಾಯಿಟ್ ನಗರಸಭೆ ದಿವಾಳಿ ಅರ್ಜಿ ಹಾಕಿತು. 1949ರಿಂದ ಫ್ಲಿಂಟಿನಲ್ಲಿ ನಡೆಯುತ್ತಿದ್ದ ಏಂಜಲೋಸ್ ಎಂಬ ಹೆಸರಾಂತ ಕೋನಿ ಅಂಗಡಿಯೂ 2018ರಲ್ಲಿ ಬಾಗಿಲು ಹಾಕಿತು. ಊರು ಕರಗುತ್ತಿರುವಾಗ ಊರಿನ ನೆನಪನ್ನು ಕಾಯುವವರು ಯಾರು?

ಆ ಕೆಲಸಕ್ಕೆ ಕೈಹಚ್ಚಿದವರು ಸ್ಥಳೀಯ ಆಸಕ್ತರೇ. ಡೆಟ್ರಾಯಿಟಿನ ಪತ್ರಿಕೋದ್ಯೋಗಿಗಳಾದ ಕ್ಯಾಥರೀನ್ ಯುಂಗ್ ಮತ್ತು ಜೋ ಗ್ರಿಮ್ ಎಂಬುವರು ಅಂಗಡಿ ಅಂಗಡಿ ತಿರುಗಿ, ಮಾಲೀಕರ ಮನೆತನಗಳ ಕಥೆ ಕೇಳಿ, 2012ರಲ್ಲಿ ‘ಕೋನಿ ಡೆಟ್ರಾಯಿಟ್’ ಎಂಬ ಪುಸ್ತಕ ರಚಿಸಿದರು. ಪ್ರಕಟಿಸಿದ್ದು ವೇಯ್ನ್ ಸ್ಟೇಟ್ ವಿಶ್ವವಿದ್ಯಾನಿಲಯದ ಮುದ್ರಣಾಲಯ. ಬೀದಿಯ ತಿಂಡಿಗೆ ವಿಶ್ವವಿದ್ಯಾನಿಲಯದ ಮುದ್ರೆ ಬಿದ್ದದ್ದು ಸಣ್ಣ ಮಾತಲ್ಲ. ಚಿತ್ರ ತೆಗೆದುಕೊಟ್ಟವರೂ ಊರಿನವರೇ ಹಲವರು.

ಫ್ಲಿಂಟಿನ ವಿಷಯ ಇನ್ನೂ ಬೋಧಪ್ರದ. ಸಾಸೇಜನ್ನೇ ಅರೆದು ಗೊಜ್ಜು ಮಾಡುವುದು ಮೂಲ ವಿಧಾನವೆಂದು ಪತ್ರಿಕೆಯಲ್ಲಿ ಅಚ್ಚಾಗಿ, ಮನೆಮನೆಗೂ ಹರಡಿ, ಜನ ಅದನ್ನೇ ನಂಬಿದ್ದರು. ಡೇವ್ ಲಿಸ್ಕಿ ಎಂಬ ಆಸಕ್ತರು ಪಟ್ಟುಹಿಡಿದು ಹುಡುಕಿ, ಆ ಪಾಕ ಅಂಗಡಿಯದಲ್ಲವೆಂದು ವಾದಿಸಿ, ಫ್ಲಿಂಟ್ ಕೋನಿಯ ಮೇಲೊಂದು ಪುಸ್ತಕವನ್ನೇ 2022ರಲ್ಲಿ ಹೊರತಂದರು. ಪಾಠಾಂತರಗಳನ್ನು ತೂಗಿ ಪ್ರಕ್ಷಿಪ್ತವನ್ನು ಬೇರ್ಪಡಿಸುವ ಸಂಪಾದಕನ ಕೆಲಸಕ್ಕೂ ಇದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಅಲ್ಲಿ ಓಲೆಯ ಗರಿ, ಇಲ್ಲಿ ಗೊಜ್ಜಿನ ಪಾತ್ರೆ, ಅಷ್ಟೆ.

ಆಸಕ್ತರ ಉತ್ಸಾಹಕ್ಕೆ ಒಂದು ಅಪಾಯವೂ ಉಂಟು. ‘ಮೊದಲು ಮಾಡಿದವರು ನಾವೇ’ ಎಂದು ಜ್ಯಾಕ್ಸನ್, ಡೆಟ್ರಾಯಿಟ್ ಎರಡೂ ಹಕ್ಕು ಸಾಧಿಸುತ್ತವೆ. ನೆರೆಯ ಇಂಡಿಯಾನಾ ಸಂಸ್ಥಾನದ ಫೋರ್ಟ್ ವೇಯ್ನ್ ಪಟ್ಟಣದಲ್ಲೂ 1914ರಿಂದ ಒಂದು ಕೋನಿ ಅಂಗಡಿ ನಡೆದು ಬಂದಿದೆ. ಹೊಗಳಿಕೆ ಹೆಚ್ಚಿದಷ್ಟೂ ಐತಿಹ್ಯ ಬೆಳೆಯುತ್ತದೆ, ಚರಿತ್ರೆ ಮಸುಕಾಗುತ್ತದೆ. ಊರಿನ ಅಭಿಮಾನದೊಡನೆ ಸತ್ಯದ ಅಭಿಮಾನವೂ ಬೇಕು. ಫ್ಲಿಂಟಿನವರ ಹುಡುಕಾಟ ಆ ಕಾರಣಕ್ಕೇ ಮೆಚ್ಚತಕ್ಕದ್ದು. ತಮ್ಮ ಊರಿನವರೇ ನಂಬಿದ್ದನ್ನು ಅವರು ಪ್ರಶ್ನಿಸಿದರು.

ಇಷ್ಟೆಲ್ಲ ಶ್ರಮದಿಂದ ಕಾರ್ಖಾನೆಗಳು ಮರಳಿ ತೆರೆಯಲಿಲ್ಲ, ನಿಜ. ಆದರೆ ಭಾಷೆ ಬಾರದ ನಾಡಿಗೆ ಬಂದು, ಅಗ್ಗದ ಒಂದು ತಿನಿಸಿನಿಂದ ಸಂಸಾರ ಕಟ್ಟಿಕೊಂಡವರ ಹೆಸರುಗಳು ಅಳಿಯದೆ ಉಳಿದವು. ಮೊಮ್ಮಕ್ಕಳು ಇಂದು ಅವನ್ನು ಪುಸ್ತಕದಲ್ಲಿ ಓದಬಹುದು. ನಮ್ಮ ಊರುಗಳಲ್ಲಿಯೂ ಹಳೆಯ ಹೋಟೆಲುಗಳಿವೆ, ಅವುಗಳ ಒಲೆಯ ಮುಂದೆ ಆಯುಷ್ಯ ಸವೆಸಿದ ಹಿರಿಯರಿದ್ದಾರೆ. ಅವರು ಹೇಳಬಲ್ಲವರಾಗಿರುವಾಗಲೇ ಹತ್ತಿರ ಕುಳಿತು ಕೇಳಿ ಬರೆದಿಟ್ಟರೆ, ನಾಳಿನ ಚರಿತ್ರಕಾರ ನಮಗೆ ಋಣಿಯಾಗಿರುತ್ತಾನೆ.