ಭಾನುವಾರದ ರಜೆ ಬಂದ ದಾರಿ

ವಾರಕ್ಕೊಂದು ರಜೆ ಎಂಬುದು ಇಂದು ಯಾರಿಗೂ ಸೋಜಿಗದ ಸಂಗತಿಯಲ್ಲ. ಭಾನುವಾರ ಬಂತೆಂದರೆ ಶಾಲೆಗೆ ಬೀಗ, ಕಚೇರಿಗೆ ಬೀಗ. ಮನೆಯಲ್ಲಿ ಎಣ್ಣೆಸ್ನಾನ, ತಡವಾದ ಊಟ, ನೆಂಟರಿಷ್ಟರ ಭೇಟಿ. ಇಂಗ್ಲಿಷರು ತಮ್ಮ ಚರ್ಚಿನ ಪ್ರಾರ್ಥನೆಗಾಗಿ ಮಾಡಿಕೊಂಡ ಏರ್ಪಾಡು ನಮಗೂ ರೂಢಿಯಾಯಿತು ಎಂದೇ ಬಹಳ ಮಂದಿ ತಿಳಿದಿದ್ದಾರೆ. ಸರ್ಕಾರಿ ಕಚೇರಿಗಳ ಮಟ್ಟಿಗೆ ಈ ಮಾತು ಹೆಚ್ಚುಕಡಿಮೆ ನಿಜ. ಆದರೆ ಯಂತ್ರದ ಮುಂದೆ ನಿಂತು ದುಡಿಯುವವನಿಗೆ ಆ ರಜೆ ತಾನಾಗಿ ಬರಲಿಲ್ಲ. ಅದನ್ನು ಅವನು ಕೇಳಿ, ಕಾದು, ಮತ್ತೆ ಕೇಳಿ ಪಡೆಯಬೇಕಾಯಿತು.

ಈ ಕಥೆ ಆರಂಭವಾಗುವುದು ಮುಂಬಯಿಯಲ್ಲಿ. 1854ರಲ್ಲಿ ಕಾವಸ್‌ಜಿ ದಾವರ್ ಅಲ್ಲಿ ಮೊದಲ ಹತ್ತಿಬಟ್ಟೆ ಗಿರಣಿಗೆ ಅಡಿಪಾಯ ಹಾಕಿದರು. ಮುಂದಿನ ಮೂವತ್ತು ವರ್ಷಗಳಲ್ಲಿ ಗಿರಣಿಗಳ ಚಿಮಣಿಗಳು ಊರ ತುಂಬ ಎದ್ದವು. ಆಗ ಕೆಲಸದ ವೇಳೆಯನ್ನು ನಿರ್ಧರಿಸುತ್ತಿದ್ದುದು ಗಡಿಯಾರವಲ್ಲ, ಸೂರ್ಯ. ಬೆಳಕು ಹರಿದಾಗ ಗಿರಣಿ ಆರಂಭ, ಬೆಳಕು ಮಾಸಿದಾಗ ಮುಕ್ತಾಯ. ಬೇಸಿಗೆಯ ಉದ್ದ ಹಗಲಿನಲ್ಲಿ ದುಡಿಮೆ ಹದಿಮೂರು ಗಂಟೆಯನ್ನೂ ದಾಟುತ್ತಿತ್ತು. ದೊಡ್ಡ ಹಬ್ಬಗಳಿಗೆ ರಜೆ ಇತ್ತು, ನಿಜ. ಆದರೆ ವಾರಕ್ಕೊಂದು ಬಿಡುವೆಂಬುದು ಇರಲಿಲ್ಲ. ಭಾನುವಾರ ಯಂತ್ರ ನಿಂತರೂ ಅದನ್ನು ಒರೆಸಿ ಚೊಕ್ಕಟ ಮಾಡಲು ಕೂಲಿಗಾರರು ಬರಬೇಕಾಗಿತ್ತು.

ಲ್ಯಾಂಕಷೈರಿನ ಕಾಳಜಿ

ಭಾರತದ ಮೊದಲ ಕಾರ್ಖಾನೆ ಕಾಯಿದೆ ಬಂದದ್ದು 1881ರಲ್ಲಿ. ಅದರ ಹಿಂದೆ ಮಾನವೀಯ ಕಾಳಜಿಯ ಜೊತೆಗೆ ವ್ಯಾಪಾರದ ಲೆಕ್ಕಾಚಾರವೂ ಇತ್ತು. ಅಗ್ಗದ ಕೂಲಿಯಿಂದ ಮುಂಬಯಿಯ ಬಟ್ಟೆ ತಮ್ಮ ಮಾರುಕಟ್ಟೆಯನ್ನು ಕಬಳಿಸೀತೆಂದು ಇಂಗ್ಲೆಂಡಿನ ಲ್ಯಾಂಕಷೈರಿನ ಗಿರಣಿ ಮಾಲೀಕರು ಅಂಜಿದ್ದರು. ಭಾರತದ ಗಿರಣಿಗಳಿಗೂ ಕಟ್ಟುಪಾಡು ಬೇಕೆಂದು ಅವರು ಒತ್ತಾಯ ತಂದರು. ಬಂದ ಕಾಯಿದೆಯಾದರೂ ಎಂಥದು? ಏಳು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು, ಏಳರಿಂದ ಹನ್ನೆರಡರವರನ್ನು ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ಅವರಿಗೆ ತಿಂಗಳಲ್ಲಿ ನಾಲ್ಕು ದಿನ ರಜೆ ಕೊಡಬೇಕು. ವಯಸ್ಕರ ದುಡಿಮೆಯ ವೇಳೆಗೆ ಯಾವ ಮಿತಿಯೂ ಇರಲಿಲ್ಲ.

ಈ ಕೊರತೆಯನ್ನು ಕೈಗೆತ್ತಿಕೊಂಡವರು ನಾರಾಯಣ ಮೇಘಾಜಿ ಲೋಖಂಡೆ. 1848ರಲ್ಲಿ ಠಾಣೆಯಲ್ಲಿ ಹುಟ್ಟಿದ ಲೋಖಂಡೆ ಮುಂಬಯಿಯ ಗಿರಣಿಯೊಂದರಲ್ಲಿ ಉಗ್ರಾಣದ ಉಸ್ತುವಾರಿಯಾಗಿದ್ದವರು. ಕೂಲಿಗಾರರ ಪಾಡನ್ನು ಕಣ್ಣಾರೆ ಕಂಡವರು. ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ಕಾರ್ಯಕರ್ತರೂ ಆಗಿದ್ದ ಅವರು ‘ದೀನಬಂಧು’ ಪತ್ರಿಕೆಯ ಸಂಪಾದಕರಾಗಿ ಗಿರಣಿಯೊಳಗಿನ ಸಂಗತಿಗಳನ್ನು ಹೊರಗೆ ತಂದರು.

1884ರ ಸೆಪ್ಟೆಂಬರಿನಲ್ಲಿ ಅವರು ಕರೆದ ಸಭೆಗಳಲ್ಲಿ ಒಂದು ಮನವಿ ಸಿದ್ಧವಾಯಿತು. ಭಾನುವಾರ ಪೂರ್ಣ ರಜೆ, ನಡುಹಗಲು ಅರ್ಧ ಗಂಟೆ ಬಿಡುವು, ಬೆಳಗ್ಗೆ ಆರೂವರೆಯಿಂದ ಸೂರ್ಯಾಸ್ತದವರೆಗೆ ಮಾತ್ರ ಕೆಲಸ, ಮರುತಿಂಗಳ 15ರೊಳಗೆ ಸಂಬಳದ ಬಟವಾಡೆ, ಕೆಲಸದಲ್ಲಿ ಗಾಯಗೊಂಡವರಿಗೆ ಗುಣವಾಗುವ ತನಕ ಸಂಬಳ. ಬೇಡಿಕೆಗಳು ಇಷ್ಟೆ. ಸುಮಾರು 5,500 ಕಾರ್ಮಿಕರು ಇದಕ್ಕೆ ಸಹಿ ಹಾಕಿದರು. ಇಂದು ಓದಿದರೆ ಇದರಲ್ಲಿ ದುಬಾರಿ ಎನ್ನುವಂಥದು ಒಂದೂ ಕಾಣದು. ಆದರೂ ಮಾಲೀಕರು ಒಪ್ಪಲು ಆರು ವರ್ಷ ಬೇಕಾಯಿತು.

ಭಾನುವಾರವೇ ಏಕೆ? ಮರಾಠಿ ಸೀಮೆಯ ದುಡಿಯುವ ಜನರ ಆರಾಧ್ಯ ದೈವ ಖಂಡೋಬ. ಕರ್ನಾಟಕದ ಭಕ್ತರಿಗೆ ಅವನೇ ಮೈಲಾರಲಿಂಗ. ಅವನ ವಾರ ಭಾನುವಾರ. ಹೀಗೆ ಆಳುವವರ ವಾರವೂ ದುಡಿಯುವವರ ದೇವರ ವಾರವೂ ಒಂದೇ ಆಗಿ ಒದಗಿಬಂದಿತ್ತು.

ಒಂದೇ ವಾರದ ಅಂತರ

1890ರ ಏಪ್ರಿಲ್ 24ರಂದು ಮುಂಬಯಿಯ ಮಹಾಲಕ್ಷ್ಮಿ ರೇಸ್‌ಕೋರ್ಸ್ ಮೈದಾನದಲ್ಲಿ ಸುಮಾರು ಹತ್ತು ಸಾವಿರ ಕಾರ್ಮಿಕರು ನೆರೆದರು. ಇಬ್ಬರು ಹೆಣ್ಣುಮಕ್ಕಳೂ ಅಂದು ಭಾಷಣ ಮಾಡಿದರು ಎಂಬುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಜೂನ್ 10ರಂದು ಗಿರಣಿ ಮಾಲೀಕರ ಸಂಘ ಭಾನುವಾರದ ರಜೆಗೆ ಒಪ್ಪಿತು. 1891ರ ಕಾರ್ಖಾನೆ ಕಾಯಿದೆ ವಾರದ ರಜೆಗೆ ಕಾನೂನಿನ ಮುದ್ರೆ ಒತ್ತಿತು.

ಮಹಾಲಕ್ಷ್ಮಿಯ ಸಭೆ ನಡೆದ ಒಂದೇ ವಾರಕ್ಕೆ, 1890ರ ಮೇ 1ರಂದು, ಯೂರೋಪು ಮತ್ತು ಅಮೆರಿಕದ ಹಲವು ನಗರಗಳಲ್ಲಿ ಮೊದಲ ಅಂತರರಾಷ್ಟ್ರೀಯ ಮೇ ದಿನ ನಡೆಯಿತು. ಅದರ ಮೂಲ ಷಿಕಾಗೋದಲ್ಲಿದೆ. ದಿನಕ್ಕೆ ಎಂಟೇ ಗಂಟೆ ದುಡಿಮೆ ಎಂಬ ಬೇಡಿಕೆಯಿಟ್ಟು 1886ರ ಮೇ 1ರಂದು ಅಮೆರಿಕದಲ್ಲಿ ಸುಮಾರು ಮೂರು ಲಕ್ಷ ಕಾರ್ಮಿಕರು ಮುಷ್ಕರ ಹೂಡಿದ್ದರು. ಮೇ 3ರಂದು ಷಿಕಾಗೋದ ಮೆಕಾರ್ಮಿಕ್ ಕಾರ್ಖಾನೆಯೆದುರು ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಅದನ್ನು ಖಂಡಿಸಲು ಮರುರಾತ್ರಿ ಹೇಮಾರ್ಕೆಟ್ ಚೌಕದಲ್ಲಿ ಸೇರಿದ ಸಭೆಯಲ್ಲಿ ಯಾರೋ ಬಾಂಬು ಎಸೆದರು. ಪೊಲೀಸರೂ ಕಾರ್ಮಿಕರೂ ಸತ್ತರು. ಎಸೆದವನಾರೆಂದು ಕೊನೆಗೂ ಗೊತ್ತಾಗಲಿಲ್ಲ. ಆದರೂ 1887ರ ನವೆಂಬರ್ 11ರಂದು ನಾಲ್ವರನ್ನು ಗಲ್ಲಿಗೇರಿಸಲಾಯಿತು. ಸೆರೆಯಲ್ಲಿ ಉಳಿದಿದ್ದ ಮೂವರಿಗೆ 1893ರಲ್ಲಿ ಕ್ಷಮಾದಾನ ನೀಡಿದ ರಾಜ್ಯಪಾಲ ಆಲ್ಟ್‌ಗೆಲ್ಡ್, ವಿಚಾರಣೆಯೇ ನ್ಯಾಯಸಮ್ಮತವಾಗಿರಲಿಲ್ಲ ಎಂದರು.

ಅಲ್ಲಿ ಕೇಳಿದ್ದು ದಿನದ ಎಂಟು ಗಂಟೆ, ಇಲ್ಲಿ ಕೇಳಿದ್ದು ಏಳರಲ್ಲಿ ಒಂದು ದಿನ. ಎರಡರ ತಿರುಳು ಒಂದೇ: ಕೂಲಿ ಕೊಟ್ಟವನು ದುಡಿಮೆಯನ್ನು ಕೊಳ್ಳಬಹುದು, ದುಡಿಯುವವನ ಇಡೀ ಬಾಳನ್ನಲ್ಲ.

ಲೋಖಂಡೆಯವರ ಸಂಘ ಇಂದಿನ ಅರ್ಥದ ಕಾರ್ಮಿಕ ಸಂಘವಾಗಿರಲಿಲ್ಲ. ಅದಕ್ಕೆ ಸದಸ್ಯರ ಪಟ್ಟಿಯಾಗಲಿ, ನಿಧಿಯಾಗಲಿ, ನಿಯಮಾವಳಿಯಾಗಲಿ ಇರಲಿಲ್ಲ. ಅದು ನಡೆದುದು ಬಹುಮಟ್ಟಿಗೆ ಒಬ್ಬರ ಛಲದಿಂದ. 1897ರಲ್ಲಿ ಮುಂಬಯಿಯ ಪ್ಲೇಗಿಗೆ ಲೋಖಂಡೆ ಬಲಿಯಾದ ಮೇಲೆ ಸಂಘವೂ ಮರೆಯಾಯಿತು. 2005ರಲ್ಲಿ ಅವರ ಹೆಸರಿನ ಅಂಚೆಚೀಟಿ ಬಂದಾಗ ಆ ಹೆಸರನ್ನು ಮೊದಲ ಬಾರಿ ಕೇಳಿದವರೇ ಹೆಚ್ಚು.

ಎಂಟು ಗಂಟೆಯತ್ತ

ಭಾರತದ ಮೊದಲ ಮೇ ದಿನಾಚರಣೆ ನಡೆದದ್ದು 1923ರಲ್ಲಿ, ಮದರಾಸಿನ ಕಡಲತೀರದಲ್ಲಿ. ಅದರ ರೂವಾರಿ ಸಿಂಗಾರವೇಲು ಚೆಟ್ಟಿಯಾರ್. ಮೇ 1ಕ್ಕೆ ರಜೆ ಘೋಷಿಸಬೇಕೆಂಬ ಒತ್ತಾಯ ಅಂದೇ ಕೇಳಿಬಂತು. ದುಡಿಮೆಯ ವೇಳೆಯೂ ಮೆಲ್ಲಮೆಲ್ಲನೆ ಇಳಿಯಿತು. 1922ರ ಕಾಯಿದೆ ವಾರಕ್ಕೆ 60 ಗಂಟೆಯ ಮಿತಿ ಹಾಕಿತು. 1934ರಲ್ಲಿ ಅದು 54ಕ್ಕೆ ಬಂತು. ಡಾ. ಅಂಬೇಡ್ಕರ್ ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಹೊಣೆ ಹೊತ್ತಿದ್ದಾಗ ರೂಪುಗೊಂಡ 1946ರ ತಿದ್ದುಪಡಿ 48ಕ್ಕೆ ಇಳಿಸಿತು. ಮುಂಬಯಿಯ ಆ ಮನವಿಗೆ ಅಷ್ಟು ಹೊತ್ತಿಗೆ 62 ವರ್ಷವಾಗಿತ್ತು.

ಈ ಲೆಕ್ಕಾಚಾರ ಮುಗಿದುಹೋದ ವಿಷಯವೇನಲ್ಲ. 2023ರಲ್ಲಿ ಕರ್ನಾಟಕ ವಿಧಾನಮಂಡಲ ವಾರದ 48 ಗಂಟೆಗಳ ಮಿತಿಯನ್ನು ಉಳಿಸಿಕೊಂಡು, ದಿನದ ಕೆಲಸವನ್ನು 12 ಗಂಟೆಯವರೆಗೆ ಹೆಚ್ಚಿಸಲು ಅವಕಾಶ ನೀಡುವ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಇದರಿಂದ ಬಂಡವಾಳ ಬರುತ್ತದೆ ಎಂದವರೂ ಇದ್ದರು, ಗಡಿಯಾರ ಹಿಂದಕ್ಕೆ ತಿರುಗಿತು ಎಂದ ಕಾರ್ಮಿಕ ಸಂಘಗಳೂ ಇದ್ದವು.

ಇನ್ನು ಹೊಲದ ಕೂಲಿಯವರು, ಮನೆಗೆಲಸದವರು, ಕಟ್ಟಡದ ಆಳುಗಳು. ಒಂದು ದಿನ ಬಿಡುವು ಮಾಡಿದರೆ ಅಂದಿನ ಕೂಲಿಯೇ ಇಲ್ಲವೆಂಬ ಸ್ಥಿತಿ ಅವರಲ್ಲಿ ಅನೇಕರದು. ಮಹಾಲಕ್ಷ್ಮಿ ಮೈದಾನದ ಸಭೆಗೆ ಶತಮಾನ ಕಳೆದು ಮೂರು ದಶಕಗಳೇ ಸಂದಿವೆ. ಅಲ್ಲಿ ಕೇಳಿದ ಆ ಒಂದು ಭಾನುವಾರ ಇನ್ನೂ ಎಲ್ಲರ ಮನೆಗೆ ಬಂದಿಲ್ಲ.