ಮನೆ ಕ್ಲೀನಾಗಿದ್ರೂ ಡೆಂಗಿ ಯಾಕೆ? ಸಂಪು, ಡ್ರಮ್ಮು, ಫ್ರಿಜ್ ಹಿಂದಿನ ಟ್ರೇ ನೋಡಿದ್ದೀರಾ?

ಬೆಂಗಳೂರು: ದಿನಾ ಗುಡಿಸಿ ಒರೆಸೋ ಮನೆಗೂ ಡೆಂಗಿ ಬರುತ್ತೆ. ಯಾಕಂದ್ರೆ ಅದನ್ನು ಹರಡುವ ಈಡಿಸ್ ಸೊಳ್ಳೆಗೆ ಬೇಕಿರೋದು ಕೊಳಕಲ್ಲ, ನಿಂತ ತಿಳಿನೀರು. ಒಂದು ಬಾಟಲಿ ಮುಚ್ಚಳದಷ್ಟು ನೀರಿದ್ದರೂ ಅದು ಮೊಟ್ಟೆ ಇಡುತ್ತೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಭಾಗದ ಮನೆ, ಅಂಗಡಿಗಳಲ್ಲಿ ಮಳೆಗಾಲ ಪೂರ್ತಿ ಗಮನಿಸಬೇಕಾದ ವಿಷಯಗಳು ಇಲ್ಲಿವೆ.

ಮೋರಿ ಸೊಳ್ಳೆ ಬೇರೆ, ಡೆಂಗಿ ಸೊಳ್ಳೆ ಬೇರೆ

ಕೆಂಗೇರಿ, ಮೈಸೂರು ರಸ್ತೆ ಕಡೆ ವೃಷಭಾವತಿಯಿಂದಲೇ ಡೆಂಗಿ ಬರುತ್ತೆ ಅನ್ನೋ ಮಾತಿದೆ. ಆದರೆ ಗಲೀಜು ನೀರಲ್ಲಿ ಹೆಚ್ಚಾಗಿ ಬೆಳೆಯೋದು ಕ್ಯೂಲೆಕ್ಸ್ ಸೊಳ್ಳೆ. ಅದು ರಾತ್ರಿ ಕಚ್ಚುತ್ತೆ, ಡೆಂಗಿ ಹರಡಲ್ಲ. ಈಡಿಸ್ ಕಪ್ಪಗಿದ್ದು, ಕಾಲಿನ ಮೇಲೆ ಬಿಳಿ ಪಟ್ಟಿ ಇರುತ್ತೆ. ಕಚ್ಚೋದು ಹಗಲಲ್ಲಿ, ಅದರಲ್ಲೂ ಬೆಳಗ್ಗೆ ಮತ್ತು ಸಂಜೆ ಕತ್ತಲಾಗುವ ಮುಂಚೆ. ಇದು ಬಹಳ ದೂರ ಹಾರಲ್ಲ. ಹಾಗಾಗಿ ಕಚ್ಚಿದ ಸೊಳ್ಳೆ ನಿಮ್ಮ ಮನೆಯಲ್ಲೋ, ಪಕ್ಕದ ಮನೆಯಲ್ಲೋ ಹುಟ್ಟಿರೋ ಸಾಧ್ಯತೆಯೇ ಹೆಚ್ಚು.

ವಾರಕ್ಕೊಮ್ಮೆ ಯಾಕೆ?

ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ವಾರಕ್ಕೊಮ್ಮೆ ನೀರು ಖಾಲಿ ಮಾಡಿದ್ರೆ ಹುಳು ಹಂತದಲ್ಲೇ ಸಾಯುತ್ತೆ. ಬರೀ ನೀರು ಚೆಲ್ಲಿದ್ರೆ ಸಾಲದು. ಪಾತ್ರೆ ಗೋಡೆಗೆ ಅಂಟಿದ ಮೊಟ್ಟೆ ಒಣಗಿದ್ರೂ ತಿಂಗಳುಗಟ್ಟಲೆ ಉಳಿದು, ಮತ್ತೆ ನೀರು ಬಿದ್ದಾಗ ಒಡೆಯುತ್ತೆ. ಆದ್ದರಿಂದ ಬ್ರಷ್ ಹಾಕಿ ಉಜ್ಜಲೇಬೇಕು. ಶುಕ್ರವಾರ ಪೂಜೆಗೆ ಮನೆ ತೊಳೆಯುವವರು ಅವತ್ತೇ ಇದನ್ನೂ ಮುಗಿಸಬಹುದು.

ಮನೆಯಲ್ಲಿ ನೋಡಬೇಕಾದ ಜಾಗ

- ಸಂಪು, ಸಿಂಟೆಕ್ಸ್: ಮುಚ್ಚಳದಲ್ಲಿ ಸಂದು ಇರಬಾರದು. ಓವರ್‌ಫ್ಲೋ ಪೈಪಿನ ಬಾಯಿಗೆ ಜಾಲರಿ ಅಥವಾ ತೆಳು ಬಟ್ಟೆ ಕಟ್ಟಿ.
- ಡ್ರಮ್ಮು, ಬಕೆಟ್: ಕಾವೇರಿ ನೀರು ದಿನ ಬಿಟ್ಟು ದಿನ ಬರೋ ಕಡೆ ತುಂಬಿಡೋದು ಅನಿವಾರ್ಯ. ಬಟ್ಟೆ ಕಟ್ಟಿ ಮುಚ್ಚಿ, ವಾರಕ್ಕೊಮ್ಮೆ ಉಜ್ಜಿ.
- ಫ್ರಿಜ್ ಹಿಂದಿನ ಟ್ರೇ: ಬಹಳಷ್ಟು ಜನ ನೋಡೋದೇ ಇಲ್ಲ.
- ಹೂಕುಂಡದ ಕೆಳಗಿನ ತಟ್ಟೆ, ಮನಿಪ್ಲಾಂಟ್ ಬಾಟಲಿ, ಹಕ್ಕಿಗೆ ನೀರಿಡೋ ಬಟ್ಟಲು.
- ಟೆರೇಸು, ಹಿತ್ತಲು: ಹಳೇ ಪೇಂಟ್ ಡಬ್ಬ, ತೆಂಗಿನ ಚಿಪ್ಪು, ಬಳಸದ ಒರಳುಕಲ್ಲು. ಬೇಡದ ಸಾಮಾನು ಗುಜರಿಗೆ ಹಾಕಿ, ಬೇಕಾದ್ದನ್ನು ಬೋರಲು ಇಡಿ.

ಅಂಗಡಿಯವರಿಗೆ

ಎಳನೀರಿನ ಬುರುಡೆ, ಪಂಕ್ಚರ್ ಅಂಗಡಿ ಮುಂದಿನ ಹಳೇ ಟೈರು, ಟಾರ್ಪಾಲಿನ ಗುಳಿಯಲ್ಲಿ ನಿಂತ ಮಳೆನೀರು: ಇವು ಮುಖ್ಯ ತಾಣಗಳು. ಟೈರನ್ನು ಸೂರಿನ ಕೆಳಗೆ ಇಡಿ, ಟಾರ್ಪಾಲನ್ನು ಇಳಿಜಾರಾಗಿ ಕಟ್ಟಿ.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ ದಂಡದ ನಿಯಮ ತಂದಿತು. ಅದರಂತೆ ನಗರ ಪ್ರದೇಶದಲ್ಲಿ ಸೊಳ್ಳೆ ಬೆಳೆಯಲು ಬಿಟ್ಟರೆ ಮನೆಗೆ ₹400, ಅಂಗಡಿ, ಹೋಟೆಲ್‌ನಂಥ ವಾಣಿಜ್ಯ ಜಾಗಕ್ಕೆ ₹1,000, ಕಟ್ಟಡ ಕಾಮಗಾರಿ ಜಾಗ ಮತ್ತು ಖಾಲಿ ಸೈಟಿಗೆ ₹2,000 ದಂಡ.

ಜ್ವರ ಬಂದ್ರೆ

ಜೋರು ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ನೋವು ಇದ್ದರೆ ಡಾಕ್ಟರ್ ಹತ್ತಿರ ಹೋಗಿ. ಮೊದಲ ಐದು ದಿನದಲ್ಲಿ ಎನ್‌ಎಸ್‌1 ಪರೀಕ್ಷೆಯಿಂದ ಗೊತ್ತಾಗುತ್ತೆ. ಮೆಡಿಕಲ್ ಶಾಪಿಂದ ಆಸ್ಪಿರಿನ್, ಐಬುಪ್ರೊಫೇನ್ ತಂದು ನುಂಗಬೇಡಿ, ರಕ್ತಸ್ರಾವ ಹೆಚ್ಚಬಹುದು. ಜ್ವರ ಇಳಿದ ಕೂಡಲೇ ವಾಸಿಯಾಯ್ತು ಅಂದುಕೊಳ್ಳಬೇಡಿ, ಅಪಾಯ ಶುರುವಾಗೋದು ಹೆಚ್ಚಾಗಿ ಆಗಲೇ. ತೀವ್ರ ಹೊಟ್ಟೆನೋವು, ಮತ್ತೆಮತ್ತೆ ವಾಂತಿ, ವಸಡು ಅಥವಾ ಮೂಗಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಸೇರಿಸಿ. ಜ್ವರ ಇದ್ದವರು ಹಗಲಲ್ಲೂ ಸೊಳ್ಳೆ ಪರದೆ ಒಳಗೆ ಮಲಗಲಿ. ಅವರನ್ನು ಕಚ್ಚಿದ ಸೊಳ್ಳೆಯಿಂದಲೇ ಮನೆಯ ಇನ್ನೊಬ್ಬರಿಗೆ ರೋಗ ಹರಡುತ್ತೆ.